ಪಾವಿನ ಎದುರು ತುದಿ

ಅಪ್ಪಾ,

ಒಂದು ಗಂಟೆಯ ಬೆಲೆಯೆಂದರೆ ಅದಕ್ಕಾಗಿ ನಾವು ಬಿಟ್ಟುಕೊಟ್ಟದ್ದು ಎಂದು ಕಾಲೇಜಿನಲ್ಲಿ ಅರ್ಥಶಾಸ್ತ್ರದ ಮೇಡಂ ಕಲಿಸಿದ್ದರು. ಅದಕ್ಕೆ ನಾನು ಬರೆದ ಉದಾಹರಣೆಯನ್ನು ಇವತ್ತು ತರಗತಿಗೆಲ್ಲ ಓದಿದರು: ಬೆಳಗ್ಗೆ ನಮ್ಮೂರು ನೆಗಮಂನ ಬೀದಿಯಲ್ಲಿ, ಮಗ್ಗಕ್ಕೇರಿಸುವ ಉದ್ದನೆಯ ಎಳೆಗಳ ಪಾವು ಹಾಸಿ ಸೀರೆಯ ನೂಲಿಗೆ ಗಂಜಿ ಹಚ್ಚುವಾಗ, ಅಪ್ಪನ ಎದುರಿನ ತುದಿ ಹಿಡಿದರೆ ನನಗೆ ಎರಡು ಪಾಠ ನಷ್ಟ. ಎಲ್ಲರೂ ಚಪ್ಪಾಳೆ ತಟ್ಟಿದರು.

"ಒಂದು ಗಳಿಗೆ ಬಾ, ಕಣ್ಣು" ಎಂದು ನೀನು ಮೂರು ಸಲ ಕರೆದದ್ದನ್ನು ನಾನು ಬರೆದಿರಲಿಲ್ಲ.

ನಾಳೆ, ನೀನು ತೀರಿಹೋದ ಮೇಲಿನ ಮೊದಲ ಪಾವು. ಒಂಬತ್ತಕ್ಕೆ ನನಗೆ ಪರೀಕ್ಷೆ. ಆದರೂ ಓದುವ ವೇಳಾಪಟ್ಟಿಯಲ್ಲಿ ಆರರಿಂದ ಎಂಟು ಖಾಲಿ ಬಿಟ್ಟು, ಕರೆದಾಳೇನೋ ಎಂದು ಸಂಜೆಯಿಂದ ಅಮ್ಮನ ಸುತ್ತಲೇ ಸುಳಿಯುತ್ತಿದ್ದೆ. ಈಗಷ್ಟೇ ಅವಳು ಪಕ್ಕದ ಮನೆಯವರಿಗೆ ಹೇಳಿದಳು:

"ನಮ್ ಗೋಕಿಲಾಗೆ ಟೈಮಿಲ್ಲ, ನೀವೇ ಬನ್ನಿ."