ಬಿರುಕಿನ ಪಾಠದ ಉಳಿದರ್ಧ ಕೊಡಿಸಿ

ಅಧ್ಯಾಪಕರಿಗೇ ಪಾಠ ಮಾಡುವುದನ್ನು ಕಲಿಸುವ ಕೇಂದ್ರದ ಮಾನ್ಯ ನಿರ್ದೇಶಕರೇ,

ನಮ್ಮ ಮನೆಯ ಹಿಂದಿನ ಕೋಣೆಯ ಗೋಡೆಯಲ್ಲಿ ಒಂದು ಬಿರುಕಿದೆ. ಆ ಕೋಣೆಯಲ್ಲಿ ಮಲಗಬಹುದೋ ಮಲಗಬಾರದೋ ಎಂಬುದು ತಮ್ಮ ವಿಶ್ವವಿದ್ಯಾಲಯಕ್ಕೆ ಗೊತ್ತಿದೆ, ಆದರೆ ನನಗೆ ಹೇಳುತ್ತಿಲ್ಲ. ನನ್ನ ದೂರು ಇಷ್ಟೇ. ಬರುವ ಶುಕ್ರವಾರ ನನ್ನ ಮಗಳು ದಿವ್ಯಾ ಹಸುಗೂಸಿನೊಂದಿಗೆ ಬಾಣಂತನಕ್ಕೆ ಬರುತ್ತಾಳೆ. ಬಾಣಂತಿಗೆ ಗಾಳಿ ತಾಗದ ಕೋಣೆ ಅದೊಂದೇ ಎಂದು ನನ್ನ ಹೆಂಡತಿ ವಸಂತಮ್ಮ ಅಲ್ಲಿ ಮಂಚ ಹಾಕಿಸಿ, ಸಾಂಬ್ರಾಣಿಯನ್ನೂ ತಂದಿಟ್ಟಿದ್ದಾಳೆ. ನಾನು ಮಾತ್ರ ಬ್ಯಾಟರಿ ಹಿಡಿದು ಗೋಡೆ ನೋಡುತ್ತ ಕೂತಿದ್ದೇನೆ. ನಮ್ಮ ಚಿಕ್ಕಬಾಣಾವರದಲ್ಲಿ ಪ್ರತಿ ರೈಲು ಹೋದಾಗಲೂ ಅಡುಗೆಮನೆಯ ಲೋಟಗಳು ಟಿಣಿಟಿಣಿ ಎನ್ನುತ್ತವೆ. ನನ್ನ ಎದೆಯೂ ಹಾಗೇ ಎನ್ನುತ್ತದೆ.

ನಾನು ಭಾಗಾಕಾರ ಶುರುವಾದ ವಾರ ಶಾಲೆ ಬಿಟ್ಟವನು. ವಿಶ್ವವಿದ್ಯಾಲಯದ ಗೇಟು ದಾಟುವ ಯೋಗ ನನ್ನ ಜಾತಕದಲ್ಲಿ ಇರಲಿಲ್ಲ. ಆದರೆ ತಾವು ಬೇಸಿಗೆ ರಜೆಯಲ್ಲಿ ಲೆಕ್ಚರರುಗಳಿಗೆ ತರಬೇತಿ ಇಟ್ಟಿರಿ. ಪಾಠ ಕೇಳಲು ವಿದ್ಯಾರ್ಥಿಗಳೇ ಇಲ್ಲ! ವಿದ್ಯಾರ್ಥಿಗಳಿಲ್ಲದ ಹೊತ್ತು ನೋಡಿ ಪಾಠ ಮಾಡುವುದನ್ನು ಕಲಿಸುವ ಜಾಣತನ ಯಾರದೋ ತಿಳಿಯದು. ತಮ್ಮ ಅಟೆಂಡರ್ ದೇವರಾಜ್ ನಮ್ಮ ಬೀದಿಯವನೇ. ಬಂದು ಕರೆದ.

"ಬಾ ಲಕ್ಷ್ಮಯ್ಯಣ್ಣ, ಸ್ಟೂಡೆಂಟ್ ಥರ ಬೆಂಚಲ್ಲಿ ಕೂತ್ಕೋ ಸಾಕು. ಎ.ಸಿ. ಹಾಕಿರ್ತಾರೆ, ಮಧ್ಯಾಹ್ನ ಊಟ."

"ಪ್ರಶ್ನೆ ಕೇಳಿದ್ರೆ ಏನೋ ಮಾಡ್ಲಿ?"

"ಗೊತ್ತಿಲ್ಲ ಅನ್ನು. ನಮ್ಮ ಸ್ಟೂಡೆಂಟ್ಸೂ ಅದನ್ನೇ ಅನ್ನೋದು."

ಹೋದೆ. ಮೊದಲನೆಯದು 'ಪೀಠಿಕೆ ಕೌಶಲ'ದ ವಾರ ಎಂದು ಯಾರೂ ಎಚ್ಚರಿಸಲಿಲ್ಲ. ಅಂದರೆ, ಪಾಠ ಮಾಡುವವರು ಪೀಠಿಕೆ ಹಾಕಿ ಕುತೂಹಲ ಕೆರಳಿಸಬೇಕು, ಕೆರಳಿತು ಎನ್ನುವಷ್ಟರಲ್ಲಿ ಗಂಟೆ ಬಾರಿಸಿ ಅವರನ್ನು ಇಳಿಸುತ್ತಾರೆ. ಪಾಠ ಇಲ್ಲ. ಇದು ಯಾವ ಊರಿನ ಪದ್ಧತಿ ಸ್ವಾಮಿ? ಅಡುಗೆಭಟ್ಟರ ತರಬೇತಿಯಲ್ಲಿ ಒಗ್ಗರಣೆಯ ಘಮ ಎಬ್ಬಿಸಿ ಎಲೆ ಎತ್ತಿಸಿಬಿಡುತ್ತಾರೆಯೇ? ಸಸ್ಯಶಾಸ್ತ್ರದವರೊಬ್ಬರು ಬಂದು, "ನಿಮ್ಮ ಮನೇಲಿ ದಿನಾ ಬಳಸೋ ಒಂದು ತರಕಾರೀಲಿ ವಿಷ ಇದೆ. ಯಾವುದು ಹೇಳಿ?" ಎಂದರು. ಟಣ್. ಅಂದಿನಿಂದ ನಾನು ಮೊಸರನ್ನದ ಮೇಲಿದ್ದೇನೆ. ಕಾನೂನಿನವರೊಬ್ಬರು, "ಉಯಿಲು ಬರೆಯೋರೆಲ್ಲ ಒಂದು ತಪ್ಪು ಮಾಡ್ತಾರೆ" ಎಂದರು. ಟಣ್. ನಾನಿನ್ನೂ ಉಯಿಲು ಬರೆದೇ ಇಲ್ಲ. ಆದರೂ ಆ ತಪ್ಪು ಆಗಲೇ ಮಾಡಿಬಿಟ್ಟಿದ್ದೇನೋ ಎಂದು ಡವಡವ.

ಆಮೇಲೆ ಬಂದವರು ಸಿವಿಲ್ ಇಂಜಿನಿಯರಿಂಗಿನ ಹೇಮಲತಾ ಮೇಡಂ. "ಗೋಡೆ ಬಿರುಕಲ್ಲಿ ಎರಡು ಥರ. ಒಂದು ಬರೀ ಗಾರೆ ಬಿಟ್ಕೊಂಡಿದ್ದು, ಬಣ್ಣ ಹೊಡೆದ್ರೆ ಮುಗೀತು. ಇನ್ನೊಂದು ಇದ್ರೆ ಆ ರೂಮಲ್ಲಿ ಒಂದು ರಾತ್ರೀನೂ ಮಲಗಬಾರದು. ಯಾವುದು ಯಾವ ಥರ ಅಂತ ಕಂಡುಹಿಡಿಯೋದು ತುಂಬಾ ಸುಲಭ. ಹೇಗೆ ಗೊತ್ತಾ?"

ಟಣ್.

ನಾನು ಎದ್ದು ನಿಂತೆ. "ಹೇಗೆ ಮೇಡಂ?"

ಹಿಂದೆ ಕೂತಿದ್ದ ತಮ್ಮ ಪರಿವೀಕ್ಷಕರು ಚಪ್ಪಾಳೆ ತಟ್ಟಿದರು. "ನೋಡಿ, ನೋಡಿ, ಎದ್ದೇ ನಿಂತುಬಿಟ್ರು! ಎಕ್ಸಲೆಂಟ್ ಪೀಠಿಕೆ!" ನಾನು ಭಯಕ್ಕೆ ಎದ್ದದ್ದನ್ನೂ ಕುತೂಹಲದ ಲೆಕ್ಕಕ್ಕೇ ಹಾಕಿಕೊಂಡರು.

"ಉತ್ತರ, ಸಾರ್?"

"ಅದು ಈ ವಾರ ಬರೋದಿಲ್ಲ ಯಜಮಾನ್ರೇ. ಕೂತ್ಕೊಳ್ಳಿ."

ಬೇರೆಯವರನ್ನು ಕೇಳಬಾರದಿತ್ತೇ ಎನ್ನುತ್ತೀರಿ. ಕೇಳಿದೆ. ಗಾರೆ ಕೆಲಸದ ನಲ್ಲಪ್ಪ ಬಿರುಕು ನೋಡುವ ಮೊದಲೇ, "ಪೂರ್ತಿ ಕೆಡವಣ್ಣ, ಹೊಸದಾಗಿ ಕಟ್ಟಿಕೊಡ್ತೀನಿ" ಎಂದ. ಮಹಡಿಯಲ್ಲಿ ಬಾಡಿಗೆಗಿರುವ ದಾವಣಗೆರೆಯ ಈರೇಶ್, "ಏನೂ ಆಗಲ್ಲ ಬಿಡ್ರಿ ಅಂಕಲ್, ಸುಮ್ನ ಹೆದರ್ತೀರಿ" ಎಂದ. ಅಂದು ಸಂಜೆಯೇ ಬೇರೆ ಮನೆ ಹುಡುಕಲು ಬೈಕು ಹತ್ತಿದ.

ಕೊನೆಗೆ ಗೇಟಿನಲ್ಲಿ ಹೇಮಲತಾ ಮೇಡಂ ಅವರನ್ನೇ ತಡೆದು ಬೇಡಿಕೊಂಡೆ. ಒಳ್ಳೆಯವರು, ನಿನ್ನೆ ಮನೆಗೇ ಬಂದರು. ಆದರೆ ಇದನ್ನೂ ಪಾಠವೆಂದೇ ಎಣಿಸಿ ಅಂಕ ಹಾಕಲು ಅವರ ಬೆನ್ನಿಗೇ ಪರಿವೀಕ್ಷಕರೂ ಬಂದರು. ಈ ವಾರ ಪ್ರಶ್ನೆ ಕೇಳುವ ಕೌಶಲವಂತೆ. ಉತ್ತರವನ್ನು ಅಧ್ಯಾಪಕರು ಹೇಳಿದರೆ ಅಂಕ ಹೋಗುತ್ತದಂತೆ, ಕಲಿಯುವವನೇ ಅದನ್ನು ತನ್ನೊಳಗಿಂದ ಕಂಡುಕೊಳ್ಳಬೇಕಂತೆ. ನನ್ನೊಳಗೆ ಗ್ಯಾಸ್ಟ್ರಿಕ್ ಬಿಟ್ಟು ಏನಿದೆ ಮಾನ್ಯರೇ? ಮೇಡಂ ಬಿರುಕನ್ನು ಮೇಲಿಂದ ಕೆಳಗೆ ನೋಡಿದರು, ಬೆರಳಾಡಿಸಿದರು. ಉತ್ತರ ಅವರ ತುಟಿಯವರೆಗೆ ಬಂದು ನಿಂತದ್ದನ್ನು ಕಣ್ಣಾರೆ ಕಂಡೆ. ಅವರು ಅದನ್ನು ನುಂಗಿಕೊಂಡರು.

"ಈ ಬಿರುಕು ನಿಮಗೆ ಏನು ಹೇಳ್ತಾ ಇದೆ?"

"ಏನೂ ಹೇಳ್ತಿಲ್ಲ ಮೇಡಂ. ಅದಕ್ಕೇ ನಿಮ್ಮನ್ನ ಕರೆದಿದ್ದು."

"ಯೋಚನೆ ಮಾಡಿ. ಬಿರುಕು ಯಾಕೆ ಬರುತ್ತೆ?"

"ನನ್ನ ಗ್ರಹಚಾರ ಮೇಡಂ."

"ಗುಡ್, ಉತ್ತರ ಹತ್ತಿರ ಬಂತು" ಎಂದರು ಪರಿವೀಕ್ಷಕರು.

ಕಾಫಿ ತಂದ ವಸಂತಮ್ಮನಿಗೆ ರೇಗಿತು. "ಏನಮ್ಮಾ, ಎಳೇ ಕೂಸಿನ ತಲೆ ಮೇಲೆ ಗೋಡೆ ಬಿದ್ಮೇಲೆ ಹೇಳ್ತೀಯಾ? ಆಗ ನಮಗೇ ಗೊತ್ತಾಯ್ತದೆ, ನೀನ್ಯಾಕೆ ಬೇಕು?"

ಮೇಡಂ ಕಣ್ಣಲ್ಲಿ ನೀರು ಬಂತು. ಲೋಟ ತೆಗೆದುಕೊಳ್ಳುವ ನೆಪದಲ್ಲಿ ಬಗ್ಗಿ ಪಿಸುಗುಟ್ಟಿದರು: "ಬಾಯಿ ಬಿಟ್ರೆ ಫೇಲ್ ಮಾಡ್ತಾರಮ್ಮಾ. ಸರ್ಟಿಫಿಕೇಟ್ ಇಲ್ಲದಿದ್ರೆ ನನ್ನ ಕೆಲಸ ಪರ್ಮನೆಂಟ್ ಆಗಲ್ಲ. ಆದ್ರೂ ಕೇಳಿ, ಆ ರೂಮಲ್ಲಿ..."

ಟಣ್! ಗಂಟೆಯನ್ನು ಚೀಲದಲ್ಲಿ ಹಾಕಿಕೊಂಡೇ ಬಂದಿದ್ದರು ಪುಣ್ಯಾತ್ಮರು. ಮೇಡಂ ಅವರನ್ನು ಕರೆದುಕೊಂಡು ಹೊರಟೇಬಿಟ್ಟರು. ಫೋನು ಮಾಡೋಣವೆಂದರೆ, ತರಬೇತಿ ಮುಗಿಯುವವರೆಗೆ ಎಲ್ಲರ ಫೋನೂ ತಮ್ಮ ಕಚೇರಿಯ ಬೀರುವಿನಲ್ಲಿದೆ ಎಂದು ದೇವರಾಜ್ ಹೇಳಿದ.

ಈಗ ನನಗೆ ಆ ಹೆಣ್ಣುಮಗಳ ಚಿಂತೆಯೂ ಅಂಟಿಕೊಂಡಿದೆ. ಗೊತ್ತಿರುವುದನ್ನು ಹೇಳಿದರೆ ಮೇಷ್ಟ್ರ ಕೆಲಸ ಹೋಗುತ್ತದೆ ಎಂದಾದರೆ, ಗೊತ್ತಿಲ್ಲದವರಿಗೆಲ್ಲ ತಾವು ಬಡ್ತಿ ಕೊಡುತ್ತೀರೇನು? ಪಾಠ ಮುಗಿಸುವ ಕೌಶಲ ಕೊನೆಯ ವಾರದಲ್ಲಿ ಬರುತ್ತದಂತೆ. ಅಷ್ಟರಲ್ಲಿ ನಮ್ಮ ಕೂಸಿಗೆ ನಾಮಕರಣವೇ ಆಗಿರುತ್ತದೆ, ಗೋಡೆ ಅಲ್ಲಿಯವರೆಗೆ ನಿಲ್ಲುವ ಮನಸ್ಸು ಮಾಡಿದರೆ.

ಆದ್ದರಿಂದ ನಿಯಮ ಬದಲಿಸಿ ಎಂದು ನಾನು ಕೇಳುವುದಿಲ್ಲ, ಅದಕ್ಕೂ ತಾವು ಒಂದು ತರಬೇತಿ ಇಟ್ಟೀರಿ. ನನ್ನದು ಒಂದೇ ಒತ್ತಾಯ. ಗುರುವಾರ ಸಂಜೆಯೊಳಗೆ ಹೇಮಲತಾ ಮೇಡಂ ಪಾಸಾದರೆಂದು ಸರ್ಟಿಫಿಕೇಟ್ ಕೊಟ್ಟುಬಿಡಿ. ಅತ್ಯುತ್ತಮ ಎಂದೇ ಬರೆಯಿರಿ, ಅವರ ಪೀಠಿಕೆಯಿಂದ ಇಂದಿಗೂ ನಡುಗುತ್ತಿರುವ ನಾನೇ ಸಾಕ್ಷಿ. ಕಲಿಸುವುದನ್ನು ಕಲಿಯುವ ಕಷ್ಟದಿಂದ ಬಿಡುಗಡೆಯಾದರೆ, ಅವರು ನಮ್ಮ ಮನೆಗೆ ಬಂದು ಏನಾದರೂ ಕಲಿಸಿಯಾರು.

ಇಂತಿ,
ಮಂಚವನ್ನು ಕೋಣೆಯಿಂದ ಎಳೆಯುವುದೋ ಬಿಡುವುದೋ ತೋಚದೆ ಬಾಗಿಲಲ್ಲೇ ಅರ್ಧಕ್ಕೆ ನಿಲ್ಲಿಸಿಕೊಂಡಿರುವ,
ತಮ್ಮ ರಜಾಕಾಲದ ವಿದ್ಯಾರ್ಥಿ,
ಲಕ್ಷ್ಮಯ್ಯ