ಬೀದರಿನ ದಾರಿಗೆ ಒಂದು ಕೈಗಾಡಿ

ವಿಜಯಪುರ
ಶುಕ್ಲ ಸಂವತ್ಸರ, ಮಾರ್ಗಶಿರ ಮಾಸ, ಶಾಲಿವಾಹನ ಶಕೆ ೨೦೯೧
(ನಿಮ್ಮ ಲೆಕ್ಕದಲ್ಲಿ ೨೧೬೯ನೆಯ ಇಸವಿಯ ಕೊನೆ)

ಹೆದ್ದಾರಿಯಲ್ಲಿ ದಿನವೂ ದೂರ ಹೋಗಿಬರುವ ನಿಮಗೆ ಶಿವಲೀಲಾ ಕೋರವಾರ ಮಾಡುವ ನಮಸ್ಕಾರ.

ನನ್ನ ಮಾತುಗಳಲ್ಲಿ ಕೆಲವು ನಿಮಗೆ ಅಪರಿಚಿತ ಎನಿಸಬಹುದು. ಇನ್ನು ಕೆಲವು ನಿಮಗೆ ಗೊತ್ತಿರುವವೇ ಆದರೂ ಇಲ್ಲಿ ಅವುಗಳ ಅರ್ಥ ಬೇರೆ. ಮನ್ನಿಸಬೇಕು. ಹೀಗೆ ಹಿಂದಿನ ಕಾಲದವರಿಗೆ ಬರೆಯುವ ಕಾಗದವನ್ನು ನಾವು ಹಿಂದೋಲೆ ಎನ್ನುತ್ತೇವೆ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಓಲೆ, ಅದೂ ನೂರು ವರ್ಷಕ್ಕಿಂತ ಈಚಿನವರಿಗೆ ಬರೆಯುವಂತಿಲ್ಲ. ಆ ನಿಯಮ ಇಲ್ಲದಿದ್ದರೆ ನಾನು ಮೂರು ವರ್ಷದ ಹಿಂದಿನ ಒಂದು ಬೆಳಿಗ್ಗೆಗೆ, ನನ್ನ ಯಜಮಾನರಿಗೆ ಬರೆಯುತ್ತಿದ್ದೆ. ನಿಮಗೆ ಬರೆಯುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಸರಿ ಎನಿಸಿತು.

ನಮ್ಮ ಕಾಲದಲ್ಲಿ ಮನಸ್ಸು ಬಂದ ಊರಿನಲ್ಲಿ ಮನೆ ಮಾಡುವಂತಿಲ್ಲ. ಪ್ರತಿಯೊಬ್ಬರ ಪಾಲಿನ ಕುಡಿಯುವ ನೀರು ಒಂದು ಊರಿನಲ್ಲಿ ನಿಗದಿಯಾಗಿರುತ್ತದೆ. ಅದು ಅವರ ನೀರೂರು. ನನ್ನ ನೀರೂರು ವಿಜಯಪುರ, ಕೆಲಸ ಬೀದರಿನ ಬೀಜಮನೆಯಲ್ಲಿ. ಹಳೆಯ ತೊಗರಿ, ಕುಸುಬೆ, ಸಜ್ಜೆಯ ತಳಿಗಳು ನಶಿಸದಂತೆ ಅಲ್ಲಿ ಕಾಪಾಡುತ್ತಾರೆ. ಅವು ಇನ್ನೂ ಮೊಳೆಯುತ್ತವೆಯೇ ಎಂದು ನೋಡುವವಳು ನಾನು. ಸಿಂದಗಿ, ಜೇವರ್ಗಿ, ಕಲಬುರಗಿ, ಹುಮನಾಬಾದ್ ದಾಟಿ ಹೋಗಬೇಕು, ಸಂಜೆ ಅದೇ ದಾರಿಯಲ್ಲಿ ಮರಳಬೇಕು. ನೀರೂರು ಬದಲಿಸಿಕೊಡಿ ಎಂದು ಕೇಳಿದವರು ಕಾಯುತ್ತಲೇ ಮುದುಕರಾಗುತ್ತಾರೆ. ಹೀಗಾಗಿ ಬಹಳ ಜನರ ಬದುಕಿನ ಅರ್ಧ ರಸ್ತೆಯ ಮೇಲೆಯೇ ಕಳೆಯುತ್ತದೆ. ಆ ಅರ್ಧವನ್ನು ನಾವು ತೊಟ್ಟಿಲಲ್ಲಿ ಮಲಗಿ ಕಳೆಯುತ್ತೇವೆ. ತೊಟ್ಟಿಲು ಎಂದರೆ ಚಾಲಕನಿಲ್ಲದೆ ತಾನೇ ಓಡುವ ಕಾರು. ಒಬ್ಬರು ಕಾಲು ಚಾಚುವಷ್ಟು ಜಾಗ, ಬೆಳಕು ನುಸುಳದ ಕಪ್ಪು ಗೋಡೆ, ಬೇಕಾದಷ್ಟು ಬೆಚ್ಚಗಾಗುವ ಹೊದಿಕೆ. ಮನೆಯ ಬಾಗಿಲಲ್ಲಿ ಮಲಗಿದರೆ ಕೆಲಸದ ಬಾಗಿಲಲ್ಲಿ ಎದ್ದರಾಯಿತು. ಭೀಮಾ ನದಿಯನ್ನು ಇಪ್ಪತ್ತು ವರ್ಷ ದಿನಕ್ಕೆರಡು ಸಲ ದಾಟಿದ ನಾನು ಅದನ್ನು ಒಮ್ಮೆಯೂ ನೋಡಿರಲಿಲ್ಲ.

ನನ್ನ ಯಜಮಾನರ ಹೆಸರು ಸಂಗನಬಸವ. ಅವರು ಹುಬ್ಬಳ್ಳಿಗೆ ಹೋಗುತ್ತಿದ್ದರು, ಗಾಳಿಯಂತ್ರಗಳ ರಿಪೇರಿ ಕೆಲಸ. ಬೆಳಿಗ್ಗೆ ಇಬ್ಬರ ತೊಟ್ಟಿಲುಗಳೂ ಒಂದೇ ಅಂಗಳದಿಂದ ಹೊರಟು ಒಂದು ಉತ್ತರಕ್ಕೆ, ಒಂದು ದಕ್ಷಿಣಕ್ಕೆ ತಿರುಗುತ್ತಿದ್ದವು. ಒಂದು ಸಂಜೆ ಅವರ ತೊಟ್ಟಿಲು ಎಂದಿನ ಹೊತ್ತಿಗೆ ಬಂದು ನಿಂತಿತು. ಬಾಗಿಲು ತೆರೆದುಕೊಂಡಿತು. ಅವರು ಇಳಿಯಲಿಲ್ಲ. ನಿದ್ದೆ ಹತ್ತಿರಬೇಕೆಂದು ನಾನು ರೊಟ್ಟಿ ಬಡಿಯುವುದನ್ನು ಮುಗಿಸಿಯೇ ಹೋದೆ. ಕೈ ಮುಟ್ಟಿದರೆ ಬೆಚ್ಚಗಿತ್ತು. ಹೊದಿಕೆ ಸರಿಸಿದ ಮೇಲೆ ಆ ಬಿಸಿ ಹೊದಿಕೆಯದೆಂದು ತಿಳಿಯಿತು. ದಾರಿಯಲ್ಲಿ ಎದೆಬಡಿತ ನಿಂತಿತ್ತು. ಅವರು ಅಲುಗಾಡದ್ದನ್ನು ಕಂಡ ಗಾಡಿ ದೀಪ ತಗ್ಗಿಸಿ, ಹೊದಿಕೆ ಬೆಚ್ಚಗೆ ಮಾಡಿ, ಅವರ ನಿದ್ದೆ ಕೆಡದಂತೆ ಮೆಲ್ಲಗೆ ಕರೆತಂದಿತ್ತು.

ಕೆಲವು ದಿನಗಳಾದ ಮೇಲೆ ಕಂಪನಿಯಿಂದ ಒಬ್ಬರು ಬಂದರು. ಮರ್ಯಾದಸ್ಥರು. ಗಾಡಿಯನ್ನೆಲ್ಲ ಪರೀಕ್ಷಿಸಿ, ಚಪ್ಪಲಿ ಬಿಟ್ಟು ಒಳಗೆ ಬಂದು ಕೂತರು. "ಗಾಡಿಯೊಳಗ ಏನೂ ತಪ್ಪಿಲ್ರಿ, ಅಕ್ಕಾರ. ಒಂದು ನಿಮಿಷ ಸುದ್ದಾ ತಡಾ ಆಗಿಲ್ಲ," ಎಂದರು. ಅವರು ಹೇಳಿದ್ದು ನಿಜ. ಆ ರಸ್ತೆಯಲ್ಲಿ ಅದಕ್ಕಿಂತ ನಂಬಿಕೆಯ ಗಾಡಿ ಇರಲಿಲ್ಲ. ಮರುದಿನದಿಂದ ನನಗೆ ತೊಟ್ಟಿಲಲ್ಲಿ ಮಲಗಲು ಆಗಲಿಲ್ಲ. ಕಣ್ಣು ಮುಚ್ಚಿದರೆ ಉಸಿರಾಡುತ್ತಿದ್ದೇನೆಯೇ ಎಂದು ಎದೆಯ ಮೇಲೆ ಕೈಯಿಟ್ಟು ನೋಡಿಕೊಳ್ಳುತ್ತಿದ್ದೆ.

ಬೇರೆ ಕಾರು ಹುಡುಕುವುದೆಂದು ನಿರ್ಧರಿಸಿ ಸಿಂದಗಿ ನಾಕಾದ ಹತ್ತಿರ ಹಳೆಯ ಗಾಡಿಗಳನ್ನು ಮಾರುವ ಗೌಸಪೀರ ಮುಲ್ಲಾ ಅವರ ಬಳಿ ಹೋದೆ. ಅವರಲ್ಲಿ ಕೈಗಾಡಿಗಳಿದ್ದವು. ನಿಮ್ಮಲ್ಲಿ ಕೈಗಾಡಿ ಎಂದರೆ ತಳ್ಳುವ ಗಾಡಿಯಂತೆ. ನಮ್ಮಲ್ಲಿ ಮನುಷ್ಯರು ಕೂತು ಕೈಯಿಂದ ತಿರುಗಿಸಿ ಓಡಿಸುವ ಕಾರು. ನೀವು ಅದನ್ನು ಬರೀ ಕಾರು ಎನ್ನುತ್ತೀರಿ.

"ಎಷ್ಟು ದೂರ ಹೊಡೀತೀರಿ?" ಎಂದು ಕೇಳಿದರು.

"ಬೀದರ್ ತನಕ. ದಿನಾ."

ಅವರು ಎದ್ದು ಗಾಡಿಗಳ ಸಾಲಿನತ್ತ ನಡೆದರು. ಆಮೇಲೆ, "ಅಷ್ಟು ದೂರಕ್ಕ ಚಂದ ನೋಡಿ ಗಾಡಿ ತಗೋಬ್ಯಾಡ್ರಿ. ಸೀಟಿನ್ಯಾಗ ಕೂತು ನೋಡ್ರಿ, ಬೆನ್ನು ಏನಂತದ ಕೇಳ್ರಿ. ಬ್ರೇಕ್ ಒತ್ರಿ. ರಿಪೇರಿ ಸಾಮಾನು ಕಲಬುರಗ್ಯಾಗೂ ಸಿಗಬೇಕು, ಅಂಥಾದ್ದು ಹಿಡೀರಿ," ಎಂದು ಮೂರ್ನಾಲ್ಕು ಗಾಡಿ ತೋರಿಸಿದರು. ಒಂದರ ಬ್ಯಾಟರಿ ಬಿಸಿಲಿಗೆ ತಡೆಯುವುದಿಲ್ಲ, ಅದು ಬೇಡವೆಂದು ತಾವೇ ಹೇಳಿದರು. ಇನ್ನೊಂದು ಹೊಸದರಂತಿತ್ತು, ಆದರೆ ಗಾಜಿಗೆಲ್ಲ ಕಪ್ಪು ಬಣ್ಣ. ಕೊನೆಗೆ ಬೂದು ಬಣ್ಣದ, ಒಂದು ಬಾಗಿಲು ನೆಗ್ಗಿದ ಗಾಡಿಯ ಮುಂದೆ ನಿಂತೆವು.

"ಇದರ ಗಾಜಿನ್ಯಾಗ ಹೊರಗಿನವರಿಗೆ ನಾ ಕಾಣ್ತೀನೇನ್ರಿ?" ಎಂದೆ.

"ಕಾಣ್ತೀರಿ. ಹಾಂಗ ಯಾರೂ ಕೇಳಂಗಿಲ್ರಿ."

ಅದನ್ನೇ ಕೊಂಡೆ. ಓಡಿಸುವುದನ್ನೂ ಅವರೇ ಕಲಿಸಿದರು, ನನ್ನ ಐವತ್ತೆರಡನೆಯ ವಯಸ್ಸಿನಲ್ಲಿ.

ಗಾಡಿ ಚೆನ್ನಾಗಿಯೇ ಓಡಿತು. ಭೀಮೆಯನ್ನು ನೋಡಿದೆ, ತೊಗರಿ ಹೂ ಬಿಟ್ಟ ಹೊಲಗಳನ್ನು ನೋಡಿದೆ. ಆದರೆ ನೋಡಿದ್ದನ್ನು ಹೇಳಲು ಯಾರೂ ಇರಲಿಲ್ಲ. ಸುತ್ತಲೂ ಸಾವಿರಾರು ತೊಟ್ಟಿಲುಗಳು, ಒಳಗೆಲ್ಲ ಜನ, ಒಂದು ಮುಖವೂ ಕಾಣದು. ಅಷ್ಟು ಜನರ ನಡುವೆ ಎಚ್ಚರವಾಗಿದ್ದವಳು ನಾನೊಬ್ಬಳೇ ಎನಿಸಿ ಗಟ್ಟಿಯಾಗಿ ಊರುಗಳ ಹೆಸರು ಓದುತ್ತಿದ್ದೆ, ನನ್ನ ದನಿಯನ್ನು ಕೇಳಲಿಕ್ಕೆ. ಕಾಣುವ ಗಾಜು ಇದ್ದರೇನು, ನೋಡುವವರು ಬೇಕಲ್ಲ ಎಂಬುದು ಕೊಳ್ಳುವಾಗ ನನಗೆ ಹೊಳೆದಿರಲಿಲ್ಲ.

ಕಳೆದ ಬೇಸಿಗೆಯಲ್ಲಿ ಜೇವರ್ಗಿಗೆ ಮುಂಚೆ ಗಾಡಿ ನಿಂತುಬಿಟ್ಟಿತು. ಅಂದು ಬೀಜಮನೆಗೆ ಅರ್ಧ ದಿನ ರಜೆ, ಬೇಗ ಮರಳುತ್ತಿದ್ದೆ; ನಡು ಮಧ್ಯಾಹ್ನ. ಇಳಿದು ರಸ್ತೆಯ ಬದಿಗೆ ನಿಂತು ಕೈ ಬೀಸಿದೆ. ತೊಟ್ಟಿಲುಗಳು ನನ್ನಿಂದ ಸರಿಯಾದ ಅಂತರ ಬಿಟ್ಟು, ಒಂದರ ಹಿಂದೆ ಒಂದು ಬಳಸಿಕೊಂಡು ಹೋದವು. ಬಾಟಲಿಯ ನೀರು ಮುಗಿಯಿತು. ಸೆರಗು ತಲೆಯ ಮೇಲೆ ಹೊದ್ದು ಗಾಡಿಯ ನೆರಳಲ್ಲಿ ಕುಳಿತೆ. ಬಿಸಿಲು ಇಳಿಯುವ ಹೊತ್ತಿಗೆ ಎದುರು ದಿಕ್ಕಿನಿಂದ ಬಂದ ಒಂದು ಉದ್ದನೆಯ ಕೈಗಾಡಿ ನಿಧಾನಿಸಿ, ತಿರುಗಿ, ನನ್ನ ಹಿಂದೆ ಬಂದು ನಿಂತಿತು. ಜೇನುಪೆಟ್ಟಿಗೆ ತುಂಬಿದ್ದ ಆ ಗಾಡಿಯಿಂದ ನನಗಿಂತ ಚಿಕ್ಕ ವಯಸ್ಸಿನ ಒಬ್ಬ ಹೆಂಗಸು ಇಳಿದಳು. ಇಂದುಬಾಯಿ ರಾಠೋಡ. ಸೂರ್ಯಕಾಂತಿ ಹೂ ಇರುವಲ್ಲಿಗೆ ಜೇನುಹುಳಗಳನ್ನು ಒಯ್ಯುವುದು ಅವಳ ಕೆಲಸ.

"ಏನಾತ್ರೀ ಅಕ್ಕಾರ?" ಎಂದಳು. ನನಗೆ ಅಳು ಬಂತು. ಅವಳು ನೀರು ಕೊಟ್ಟು, ಗಾಡಿಗೆ ಹಗ್ಗ ಕಟ್ಟಿದಳು. ಕಟ್ಟುತ್ತ ಹೇಳಿದಳು: "ನಿಮ್ಮನ್ನ ಭಾಳ ದಿನದಿಂದ ನೋಡ್ಲಿಕತ್ತೀನ್ರಿ. ಬೂದಿ ಬಣ್ಣದ ಗಾಡಿ. ಕೈ ಎತ್ತಬೇಕು ಅಂತಿದ್ದೆ. ಏನು ತಿಳ್ಕೋತೀರೋ ಅಂತ ಬಿಟ್ಟೆ."

ಜೇವರ್ಗಿಯಲ್ಲಿ ಗಾಡಿ ರಿಪೇರಿ ಆಗುವವರೆಗೂ ಅವಳು ಹೋಗಲಿಲ್ಲ. ನಮ್ಮವರ ವಿಷಯವನ್ನು ಮೊದಲಿನಿಂದ ಕೊನೆಯವರೆಗೆ ನಾನು ಹೇಳಿದ್ದು ಅವಳೊಬ್ಬಳಿಗೇ. ಅವಳು ಸಮಾಧಾನದ ಮಾತು ಆಡಲಿಲ್ಲ. ತನ್ನ ಬುತ್ತಿ ಬಿಚ್ಚಿ, "ಉಣ್ರಿ ಮೊದಲ," ಎಂದಳು. ಅಂದಿನಿಂದ ಎದುರಾದಾಗಲೆಲ್ಲ ಇಬ್ಬರೂ ಕೈ ಎತ್ತುತ್ತಿದ್ದೆವು. ಒಂದು ಕ್ಷಣದ ಕೆಲಸ. ಅದಕ್ಕಾಗಿ ನಾನು ಸಿಂದಗಿಯಿಂದಲೇ ಕಾಯುತ್ತ ಹೋಗುತ್ತಿದ್ದೆ.

ಬರುವ ಯುಗಾದಿಯಿಂದ ಹೆದ್ದಾರಿಯಲ್ಲಿ ಕೈಗಾಡಿ ಓಡಿಸುವಂತಿಲ್ಲವೆಂದು ಆದೇಶ ಬಂದಿದೆ. ಇಂದುಬಾಯಿ ಯುಗಾದಿಯವರೆಗೂ ಕಾಯಲಿಲ್ಲ. "ನನ್ನ ಹುಳಕ್ಕ ಹೆದ್ದಾರಿ ಯಾಕ ಬೇಕ್ರಿ? ಹೊಲದ ದಾರಿ ಹಿಡಿದು ಲಾತೂರ್ ಕಡೆ ಹೋಗ್ತೀನಿ," ಎಂದಳು. ಹೋಗಿ ಒಂದು ತಿಂಗಳಾಯಿತು. ಹೊಲದ ದಾರಿಯಲ್ಲಿ ಹೊರಟರೆ ನಾನು ಬೀದರ್ ಮುಟ್ಟುವಷ್ಟರಲ್ಲಿ ಬೀಜಮನೆ ಬಾಗಿಲು ಹಾಕಿರುತ್ತದೆ. ಆದ್ದರಿಂದ ಯುಗಾದಿಯ ನಂತರ ನಾನು ಮತ್ತೆ ತೊಟ್ಟಿಲಲ್ಲಿ ಮಲಗಬೇಕು. ನನ್ನ ಹೆಸರಿಗೆ ಒಂದು ತೊಟ್ಟಿಲು ನಿಗದಿಯಾಗಿದೆ. ತುಂಬ ನಂಬಿಕೆಯ ಗಾಡಿಯಂತೆ.

ಇನ್ನು ನನ್ನ ಕೋರಿಕೆ. ನೀವು ದೂರದ ದಾರಿಗೆ ಕಾರು ಕೊಳ್ಳುವಾಗ ಸೀಟು, ಬ್ರೇಕು ಎಲ್ಲ ನೋಡಿ, ನೋಡಲೇಬೇಕು. ಕೊಂಡ ಮೇಲೆ ಒಂದು ದಿನ ವಿಜಯಪುರದಿಂದ ಹುಬ್ಬಳ್ಳಿಯ ಕಡೆ ಹೋಗಿ. ಕೊಲ್ಹಾರ, ಬೀಳಗಿ, ಕೆರೂರು, ನರಗುಂದ, ನವಲಗುಂದ, ಈ ಊರುಗಳು ನಿಮ್ಮ ಕಾಲದಲ್ಲೂ ಇವೆ. ನಮ್ಮವರು ತೀರಿಕೊಂಡದ್ದು ಇವುಗಳಲ್ಲಿ ಯಾವ ಊರಿನ ಹತ್ತಿರವೋ ನನಗೆ ತಿಳಿಯಲಿಲ್ಲ. ಗಾಡಿಗೂ ತಿಳಿದಿಲ್ಲ, ಅದು ಎಲ್ಲೂ ನಿಲ್ಲಲೇ ಇಲ್ಲ. ಎಲ್ಲಾದರೂ ಒಂದು ಕಡೆ ನಿಲ್ಲಿಸಿ, ಕೆಳಗಿಳಿದು ಸ್ವಲ್ಪ ಹೊತ್ತು ನಿಲ್ಲಿ. ಎಲ್ಲಿ ನಿಂತರೂ ಆದೀತು.