ಎಡ ಮೂಲೆಯ ಎಳೆ

ಫೆಬ್ರವರಿ 9
ಇವತ್ತೂ ಅದೇ ಮಗುವಿನ ರೇಷ್ಮೆ ಅಂಗಿ. ಮ್ಯೂಸಿಯಂಗೆ ಬಂದದ್ದರಲ್ಲೇ ಹಳೆಯದು, ಇನ್ನೂರು ವರ್ಷದ್ದು. ಹರಕು ಮುಚ್ಚಲು ಹಿಂದೆ ಯಾರೋ ಒಳಬದಿಗೆ ಬಟ್ಟೆ ಅಂಟಿಸಿದ್ದಾರೆ. ಅಂಟು ಒಣಗಿ ರಟ್ಟಿನಂತೆ ಗಟ್ಟಿಯಾಗಿದೆ. ಮಡಿಚಿದರೆ ರೇಷ್ಮೆ ಮುರಿಯುತ್ತದೆ. ಹಳೆ ಬಟ್ಟೆ ಉಳಿಸುವ ನಮ್ಮ ಮೇಡಂ ಭೂತಗನ್ನಡಿ ಹಿಡಿದು ಎಳೆ ಎಳೆ ನೋಡುತ್ತಾರೆ. ಉಸಿರನ್ನೂ ಪಕ್ಕಕ್ಕೆ ಬಿಡುತ್ತಾರೆ.
"ಗಂಜಿ ಅಂಟಾಗಿದ್ರೆ ಬದುಕ್ತು. ಗಂಜೀನ ಮಾತ್ರ ತಿನ್ನೋ ಎನ್ಜೈಮ್ ಇದೆ. ರೇಷ್ಮೆ ತಂಟೆಗೇ ಹೋಗಲ್ಲ."
ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ಹೊಲಿಗೆ ಹಿಡಿದವಳು ನಾನು. ನನಗೂ ತಿಳಿಯುವ ಹಾಗೆ ಹೇಳುತ್ತಾರೆ.

ಫೆಬ್ರವರಿ 10
ಮೇಡಂ ಊಟಕ್ಕೆ ಹೋದಾಗ ತಪ್ಪು ಮಾಡಿದೆ. ಅಂಗಿಯ ಎಡ ಮೂಲೆಯಲ್ಲಿ ಕಂದು ಕಲೆ. ಹತ್ತಿ ಸುತ್ತಿದ ಕಡ್ಡಿಗೆ ಎಂಜಲು ತಾಗಿಸಿ ಒತ್ತಿದೆ, ಮತ್ತೆ ಮತ್ತೆ. ಹೊಲಿಗೆ ಕಲಿಸಿದ ಸೋದರತ್ತೆಯ ಅಭ್ಯಾಸ — ಸೂಜಿ ಚುಚ್ಚಿ ಬಟ್ಟೆಗೆ ರಕ್ತ ತಾಗಿದರೆ ಎಂಜಲೇ ಮದ್ದು. ಕಲೆ ಹೋಯಿತು. ಮೂಲೆ ಮೆತ್ತಗಾಯಿತು. ಯಾರಿಗೂ ಹೇಳಿಲ್ಲ.

ಫೆಬ್ರವರಿ 11
ಮೇಡಂ ಅದೇ ಮೂಲೆಯಿಂದ ಒಂದೆಳೆ ತೆಗೆದು ಅಯೋಡಿನ್ ಹನಿಸಿದರು. ಗಂಜಿ ಇದ್ದರೆ ನೀಲಿಯಾಗಬೇಕು. ಆಗಲಿಲ್ಲ.
"ಹಾಗಾದ್ರೆ ಚರ್ಮ ಬೇಯಿಸಿದ ಅಂಟು. ಅದನ್ನ ತಿನ್ನೋ ಎನ್ಜೈಮ್ ರೇಷ್ಮೇನೂ ತಿನ್ನುತ್ತೆ. ಬೇಡ. ಪೆಟ್ಟಿಗೇಲಿಟ್ಟು ಮುಚ್ಚಿಬಿಡೋಣ."
ನಾನು ಎಂಜಲು ಒತ್ತಿದ್ದು ಅದೇ ಮೂಲೆಗೆ. ಅದರಿಂದಲೇ ಹೀಗಾಯಿತೇನೋ. ಹತ್ತಿ ಕಡ್ಡಿಗಳನ್ನು ಡಬ್ಬಿಗೆ ತುಂಬುತ್ತ ಕೂತೆ.

ಫೆಬ್ರವರಿ 15
ಊಟ ಸೇರುತ್ತಿಲ್ಲ. ಅಕ್ಕ ರೇಗಿಸಿದಳು, "ಏನೇ, ಬಾಯಿಗೂ ಹೊಲಿಗೆ ಹಾಕ್ಕೊಂಡ್ಯಾ?"
ಎಲ್ಲ ಹೇಳಿದೆ. ಕೆಲಸ ಹೋಗುತ್ತದೆ ಎಂದೂ ಹೇಳಿದೆ.
"ಹೋದ್ರೆ ಹೋಗ್ಲಿ ಕಣೇ. ಆ ಅಂಗಿ ಏನು ಪಾಪ ಮಾಡಿತ್ತು?"

ಫೆಬ್ರವರಿ 16, ಬೆಳಿಗ್ಗೆ
ಪೆಟ್ಟಿಗೆ ಸಿದ್ಧವಾಗಿತ್ತು. ನೆಲ ನೋಡುತ್ತ ಹೇಳಿದೆ.
"ಮೇಡಂ, ಆ ಮೂಲೆಗೆ ನಾನು... ಎಂಜಲು ಹಚ್ಚಿದ್ದೆ."
ಕನ್ನಡಕ ತೆಗೆದರು. "ಎಷ್ಟು ಹೊತ್ತು?"
"ಅರ್ಧ ಗಂಟೆ."
ನಕ್ಕುಬಿಟ್ಟರು! "ಅಯ್ಯೋ ಹುಡುಗಿ, ಎಂಜಲಲ್ಲೂ ಗಂಜಿ ತಿನ್ನೋ ಎನ್ಜೈಮ್ ಇರುತ್ತೆ ಕಣೇ! ಆ ಮೂಲೆ ಗಂಜೀನ ಅದೇ ತಿಂದಿದೆ, ಅದಕ್ಕೇ ನೀಲಿ ಬರ್ಲಿಲ್ಲ. ನನಗಿಂತ ಮೊದಲು ನೀನೇ ಶುರು ಮಾಡಿದ್ದೀಯ." ಆಮೇಲೆ ನಗು ನಿಂತಿತು. "ಇನ್ನೊಂದ್ಸಲ ಹೇಳದೆ ಮುಟ್ಟಿದ್ರೆ ಕೈ ಮುರೀತೀನಿ."
ಬಲ ಮೂಲೆಯ ಎಳೆಗೆ ಅಯೋಡಿನ್. ನೀಲಿ. ಕಡು ನೀಲಿ!

ಸಂಜೆ 4
ಎನ್ಜೈಮ್ ಬೆರೆಸಿದ ಜೆಲ್ಲನ್ನು ಅಂಟಿಸಿದ ಬಟ್ಟೆಯ ಒಂದು ತುಂಡಿನ ಮೇಲೆ ಹರಡಿ ಬೆಚ್ಚಗೆ ಮುಚ್ಚಿದೆವು. ಇಪ್ಪತ್ತು ನಿಮಿಷ. ಎಂಥ ಜಾಣ ವಸ್ತು! ಉಜ್ಜುವುದಿಲ್ಲ, ಎಳೆಯುವುದಿಲ್ಲ. ತನ್ನ ಪಾಲಿನದನ್ನಷ್ಟೇ ತಿಂದು ಸುಮ್ಮನಾಗುತ್ತದೆ. ಮೇಡಂ ಚಿಮುಟವನ್ನು ನನ್ನ ಕೈಗಿಟ್ಟರು.
"ನೀನೇ ಎತ್ತು."
ಬಟ್ಟೆ ಸದ್ದಿಲ್ಲದೆ ಬಿಡುತ್ತಾ ಬಂತು. ಕೆಳಗೆ ಬೆಳಕನ್ನೇ ಕಾಣದ ಕೆಂಪು. ಅದರ ಮೇಲೆ ಯಾವಳೋ ಹಾಕಿದ ಹೊಲಿಗೆ, ಸಾಸಿವೆಯಷ್ಟು ಚಿಕ್ಕದು. ಅಂಥದ್ದು ನನ್ನ ಕೈಯಿಂದ ಬಂದಿಲ್ಲ...
ಮೇಡಂ ಕೂಗುತ್ತಿದ್ದಾರೆ. ಎರಡನೇ ತುಂಡಿಗೂ ನಾನೇ ಬೇಕಂತೆ. ಕೈ ತೊಳೆದು —